ಕಾಲು ಗಟ್ಟಿ ಇರುವಾಗಲೇ ಚಿಕ್ಕ ಮನೆಗೆ



ಇವತ್ತು ಬೆಳಗ್ಗೆ ಎದ್ದಾಗಿನಿಂದ ನಿಮ್ಮ ಮನೆಯ ಎಷ್ಟು ಕೋಣೆಗಳಿಗೆ ಹೋಗಿ ಬಂದಿರಿ? ಒಮ್ಮೆ ನೆನಪು ಮಾಡಿಕೊಳ್ಳಿ. ಮಲಗುವ ಕೋಣೆ, ಬಚ್ಚಲು, ಅಡುಗೆಮನೆ, ದೇವರ ಗೂಡು, ಆಮೇಲೆ ರೇಡಿಯೋ ಇರುವ ಈ ಹಾಲ್. ನಿಮಗೆ ಅರವತ್ತೈದು ದಾಟಿದ್ದು, ಮಕ್ಕಳು ಬೇರೆ ಊರಿನಲ್ಲಿದ್ದರೆ ಬಹುಶಃ ಇಷ್ಟೇ. ಮಹಡಿಯ ಮೇಲಿನ ಕೋಣೆಗಳಿಗೆ ಹೋಗಿ ತಿಂಗಳೇ ಆಗಿರಬಹುದು. ಆದರೂ ಆ ಕೋಣೆಗಳಿಗೆ ಕಂದಾಯ ಕಟ್ಟುತ್ತೀರಿ. ಅಲ್ಲಿಯೂ ಧೂಳು ಕೂರುತ್ತದೆ. ಮಳೆಗಾಲದಲ್ಲಿ ಮೊದಲು ಸೋರುವುದೂ ಅಲ್ಲಿಯೇ.

ವಯಸ್ಸಾದ ಮೇಲೆ ದೊಡ್ಡ ಮನೆ ಬಿಟ್ಟು ಚಿಕ್ಕ ಮನೆಗೆ ಹೋಗುವುದು ಇವತ್ತಿನ ವಿಷಯ. ಎಲ್ಲರೂ ಹೋಗಲೇಬೇಕೆಂದು ಹೇಳಲು ನಾನು ಬಂದಿಲ್ಲ. ಹೋಗುವುದಾದರೆ ಕಾಲು ಗಟ್ಟಿ ಇರುವಾಗ ಹೋಗಬೇಕು. ನಮ್ಮ ಮನಸ್ಸಿನಂತೆ, ನಾವೇ ಆರಿಸಿಕೊಂಡು ಹೋಗಬೇಕು. ಬೇರೆಯವರು ನಮ್ಮನ್ನು ಸಾಗಿಸುವ ಹೊತ್ತು ಬರುವ ತನಕ ಕಾಯಬಾರದು. ನಾನು ಹೇಳಬೇಕಾದದ್ದು ಇದೊಂದೇ. ಮಿಕ್ಕಿದ್ದೆಲ್ಲ ಇದರ ವಿವರ.

ಇದು ನಾಲ್ಕಾರು ಮನೆಯ ಸಂಗತಿಯಲ್ಲ. 2011ರ ಜನಗಣತಿಯ ಹೊತ್ತಿಗೇ ಕರ್ನಾಟಕದಲ್ಲಿ ಅರವತ್ತು ದಾಟಿದವರು ಸುಮಾರು 58 ಲಕ್ಷ ಮಂದಿ ಇದ್ದರು. ಈಗ ಇನ್ನೂ ಹೆಚ್ಚಾಗಿದ್ದಾರೆ. ಅವರಲ್ಲಿ ಊರು ಪೇಟೆಗಳಲ್ಲಿ ಇರುವವರ ಮನೆಗಳನ್ನು ನೆನೆಯಿರಿ. ಮೈಸೂರಿನಲ್ಲಿ ಟ್ರಸ್ಟ್ ಬೋರ್ಡು 1903ರಲ್ಲಿ ಬಂತು. ಬೆಂಗಳೂರಿನಲ್ಲಿ 1945ರಲ್ಲಿ ಬಂತು. ಅವು ಹಂಚಿದ ಸೈಟುಗಳ ಅಳತೆ ನಮಗೆಲ್ಲ ಬಾಯಿಪಾಠ. ಮೂವತ್ತು ನಲವತ್ತು, ನಲವತ್ತು ಅರವತ್ತು. ಪಿ.ಎಫ್. ಹಣ ತೆಗೆದು, ಸಾಲ ಮಾಡಿ, ಒಡವೆ ಅಡವಿಟ್ಟು ಅದರ ಮೇಲೆ ಹದಿನೈದು, ಹದಿನೆಂಟು ಚದರದ ಮನೆ ಕಟ್ಟಿದೆವು. ಅತ್ತೆ, ಮಾವ, ಮೂರು ಮಕ್ಕಳು, ಓದಲು ಬಂದ ನೆಂಟರ ಹುಡುಗ, ಎಲ್ಲರ ಲೆಕ್ಕ ಹಿಡಿದು ಕಟ್ಟಿದ ಮನೆ ಅದು. ಈಗ ಅಲ್ಲಿ ಇಬ್ಬರು ಇದ್ದಾರೆ. ಎಷ್ಟೋ ಕಡೆ ಒಬ್ಬರೇ.

ಹಾಗಾದರೆ ಮೊದಲ ಪ್ರಶ್ನೆ, ಯಾವಾಗ ಹೋಗಬೇಕು?

ನಮ್ಮ ಬೀದಿಯಲ್ಲಿ ನಾನು ಮತ್ತೆ ಮತ್ತೆ ಕಂಡದ್ದನ್ನು ಹೇಳುತ್ತೇನೆ. ಮನೆಯ ಯಜಮಾನರು ತೀರಿಹೋಗುತ್ತಾರೆ. ಮಗ ಅಮೆರಿಕದಿಂದಲೋ ಆಸ್ಟ್ರೇಲಿಯಾದಿಂದಲೋ ಬರುತ್ತಾನೆ. ಅವನಿಗಿರುವುದು ಎರಡು ಮೂರು ವಾರದ ರಜೆ. ಹದಿಮೂರನೆಯ ದಿನದ ಕಾರ್ಯ ಮುಗಿಯುತ್ತದೆ. ಮಾರನೆಯ ದಿನ ಬ್ರೋಕರ್ ಬಂದು ಗೇಟಿನ ಹತ್ತಿರ ನಿಲ್ಲುತ್ತಾನೆ. ಅದರ ಮಾರನೆಯ ದಿನ ಗುಜರಿಯವನ ಗಾಡಿ. ಆ ಮಗ ಕೆಟ್ಟವನೇನೂ ಅಲ್ಲ. ಅಮ್ಮನನ್ನು ಒಬ್ಬಳನ್ನೇ ಬಿಟ್ಟು ವಿಮಾನ ಹತ್ತಲು ಅವನಿಗೆ ಧೈರ್ಯ ಇಲ್ಲ, ಅಷ್ಟೇ. ಆದರೆ ನಲವತ್ತು ವರ್ಷ ನಡೆಸಿದ ಮನೆಯನ್ನು ಆ ತಾಯಿ ಒಂದು ವಾರದಲ್ಲಿ ಖಾಲಿ ಮಾಡಬೇಕು. ಯಾವ ಪಾತ್ರೆ ಹೋಯಿತು, ಯಾವ ಪೆಟ್ಟಿಗೆ ಹೋಯಿತು ಎಂದು ನೋಡುವ ಸ್ಥಿತಿಯಲ್ಲೂ ಆಕೆ ಇರುವುದಿಲ್ಲ. ಮನೆಯೂ ಒಳ್ಳೆಯ ಬೆಲೆಗೆ ಹೋಗುವುದಿಲ್ಲ. ಅವಸರದಲ್ಲಿ ಮಾರುವವರ ಮುಖ ಕೊಳ್ಳುವವರಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಆದ್ದರಿಂದ ಇಬ್ಬರೂ ಇರುವಾಗ ಕುಳಿತು ಮಾತಾಡಿ. ಅರವತ್ತೈದರಿಂದ ಎಪ್ಪತ್ತರ ನಡುವೆ ತೀರ್ಮಾನಕ್ಕೆ ಬಂದರೆ ಒಳ್ಳೆಯದು. ಒಬ್ಬರು ಆಗಲೇ ತೀರಿಹೋಗಿದ್ದರೆ ಅವಸರ ಬೇಡ. ಕೈಲಾದರೆ ಒಂದು ವರ್ಷ ಏನನ್ನೂ ಮಾರಬೇಡಿ. ದುಃಖದಲ್ಲಿ ಇರುವವರಿಗೆ ಸಲಹೆ ಕೊಡುವವರು ಬಹಳ ಜನ. ಸಹಿ ಹಾಕಬೇಕಾದವರು ನೀವೊಬ್ಬರೇ.

ಹೊತ್ತು ಬಂದಿದೆ ಎಂದು ತಿಳಿಯುವುದು ಹೇಗೆ? ಮನೆಯೇ ಹೇಳುತ್ತದೆ. ತಾರಸಿಯ ಮೇಲೆ ಹಪ್ಪಳ ಒಣಗಿಸುವುದನ್ನು ಬಿಟ್ಟಿದ್ದೀರಿ. ರಾತ್ರಿ ಗೇಟಿಗೆ ಬೀಗ ಹಾಕಲು ಹೊರಗೆ ಹೋಗಲು ಹಿಂಜರಿಯುತ್ತೀರಿ. ತೆಂಗಿನಕಾಯಿ ಕೀಳುವವನು ಸಿಕ್ಕದೆ, ಪಕ್ಕದ ಮನೆಯವರ ಕಾರಿನ ಮೇಲೆ ಕಾಯಿ ಬಿದ್ದೀತೆಂದು ನಿದ್ದೆ ಬಾರದು. ನೆಂಟರ ಮದುವೆಗೆ ಹೋದರೂ, ಮನೆ ಕಾಯುವವರಿಲ್ಲವೆಂದು ಊಟ ಮುಗಿದ ಕೂಡಲೇ ಓಡಿ ಬರುತ್ತೀರಿ. ಮನೆಯಲ್ಲಿ ನೀವಿದ್ದೀರೋ, ಮನೆಗೆ ನೀವು ಕಾವಲಿದ್ದೀರೋ ಎಂದು ಕೇಳಿಕೊಳ್ಳುವ ಹೊತ್ತು ಅದು.

ಇಲ್ಲಿ ಒಂದು ಮಾತು. ಚಿಕ್ಕ ಮನೆಗೆ ಹೋಗಲು ದೊಡ್ಡ ಮನೆಯನ್ನು ಮಾರಲೇಬೇಕೆಂದಿಲ್ಲ. ಮೈಸೂರಿನಲ್ಲಿ, ಶಿವಮೊಗ್ಗದಲ್ಲಿ, ಹುಬ್ಬಳ್ಳಿಯಲ್ಲಿ ಎಷ್ಟೋ ಜನ ಇದ್ದ ಮನೆಯನ್ನೇ ಚಿಕ್ಕದು ಮಾಡಿಕೊಂಡಿದ್ದಾರೆ. ಮಹಡಿಗೆ ಹೊರಗಿನಿಂದ ಮೆಟ್ಟಿಲು ಹಾಕಿಸಿ, ಬೇರೆ ಮೀಟರ್ ಕೂರಿಸಿ, ಬಾಡಿಗೆಗೆ ಕೊಡುತ್ತಾರೆ. ತಾವು ಕೆಳಗೆ ಎರಡು ಕೋಣೆಯಲ್ಲಿ ಇರುತ್ತಾರೆ. ಬಾಡಿಗೆ ಹಣ ಬರುತ್ತದೆ. ರಾತ್ರಿ ಮೇಲೆ ಯಾರೋ ಓಡಾಡುವ ಸದ್ದು ಕೇಳಿಸುತ್ತದೆ. ಹಿತ್ತಲೂ ಉಳಿಯುತ್ತದೆ. ನನ್ನ ಲೆಕ್ಕದಲ್ಲಿ ಇದು ಎಲ್ಲಕ್ಕಿಂತ ಕಡಿಮೆ ನೋವಿನ ದಾರಿ. ಬಾಡಿಗೆದಾರರ ಜೊತೆ ಏಗುವ ತಾಳ್ಮೆ ಇರಬೇಕು, ನಿಜ. ಇನ್ನು, ಹಳೆ ಮನೆ ಕೆಡವಿ ಬಿಲ್ಡರ್ ಜೊತೆ ಪಾಲಿಗೆ ಫ್ಲ್ಯಾಟ್ ಕಟ್ಟಿಸುವ ಯೋಚನೆ ಕೆಲವರಿಗೆ ಬರುತ್ತದೆ. ಎಪ್ಪತ್ತು ದಾಟಿದವರಿಗೆ ನಾನು ಅದನ್ನು ಹೇಳುವುದಿಲ್ಲ. ಎರಡು ವರ್ಷ ಅಂದದ್ದು ಐದು ವರ್ಷ ಆಗಬಹುದು. ಆ ಐದು ವರ್ಷ ಬಾಡಿಗೆ ಮನೆಯಲ್ಲಿ ಕಾಯುವವರು ನೀವು.

ಯಾವಾಗ ಎನ್ನುವುದು ಆಯಿತು. ಇಬ್ಬರೂ ಇರುವಾಗ, ಅವಸರ ಇಲ್ಲದಿರುವಾಗ. ಈಗ ಎಲ್ಲಿಗೆ ಎಂಬ ಪ್ರಶ್ನೆಗೆ ಬರೋಣ.

ಮಕ್ಕಳು ಕರೆಯುತ್ತಾರೆ. "ಅಪ್ಪ, ನಮ್ಮ ಅಪಾರ್ಟ್‌ಮೆಂಟಿನಲ್ಲೇ ಒಂದು ಫ್ಲ್ಯಾಟ್ ಮಾರಾಟಕ್ಕಿದೆ, ಬಂದುಬಿಡಿ" ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ. ಹೋದ ಮೇಲೆ ಆಗುವುದನ್ನೂ ನೋಡಿ. ಮಗ ಸೊಸೆ ಇಬ್ಬರೂ ಬೆಳಗ್ಗೆ ಹೋದರೆ ರಾತ್ರಿ ಬರುತ್ತಾರೆ. ಕೆಳಗಿಳಿದರೆ ದೊಡ್ಡ ಗೇಟು, ಅದರಾಚೆ ದೊಡ್ಡ ರಸ್ತೆ. ರಸ್ತೆ ದಾಟಲು ಆಗದು. ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೂ ಫೋನು ಒತ್ತಬೇಕು. ಕೆಲವೇ ತಿಂಗಳಲ್ಲಿ ಅವರ ಮಾತೆಲ್ಲ ಬಿಟ್ಟು ಬಂದ ಊರಿನದೇ ಆಗುತ್ತದೆ.

ನಾವು ಮನೆ ಬಿಡಬಹುದು. ಬೀದಿ ಬಿಡುವುದು ಕಷ್ಟ. ಬೀದಿ ಅಂದರೆ ಹಾಲಿನ ಬೂತಿನವನು. ಸಾಲ ಬರೆದುಕೊಳ್ಳುವ ಅಂಗಡಿ. ನಮ್ಮ ಮಾತ್ರೆಯ ಹೆಸರು ನಮಗಿಂತ ಚೆನ್ನಾಗಿ ಬಲ್ಲ ಮೆಡಿಕಲ್ ಸ್ಟೋರಿನ ಹುಡುಗ. ಸಂಜೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ರಾಜಕೀಯ ಮಾತಾಡುವ ನಾಲ್ಕು ಜನ. ಎರಡು ದಿನ ಕಾಣದಿದ್ದರೆ ಬಾಗಿಲು ತಟ್ಟುವ ಎದುರು ಮನೆಯವರು. ಇವರನ್ನೆಲ್ಲ ಸಂಪಾದಿಸಲು ಮೂವತ್ತು ವರ್ಷ ಹಿಡಿದಿರುತ್ತದೆ. ಹೊಸ ಊರಿನಲ್ಲಿ ಎಪ್ಪತ್ತರ ವಯಸ್ಸಿನಲ್ಲಿ ಅಷ್ಟನ್ನೂ ಮೊದಲಿನಿಂದ ಶುರುಮಾಡಬೇಕು.

ನಾವು ಗಂಡ ಹೆಂಡತಿ ಇದನ್ನು ಬಹಳ ಮಾತಾಡಿದೆವು. ಕೊನೆಗೆ ಹಳೆಯ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಎರಡು ಕೋಣೆಯ ಫ್ಲ್ಯಾಟ್ ತೆಗೆದುಕೊಂಡೆವು. ಮಗಳಿಗೆ ಸ್ವಲ್ಪ ಬೇಸರವಾಯಿತು. ಹಾಲಿನವರು ಬದಲಾಗಲಿಲ್ಲ. ನಮ್ಮ ಮನೆಯವರ ವಾಕಿಂಗ್ ಗೆಳೆಯರೂ ಬದಲಾಗಲಿಲ್ಲ.

ಮಕ್ಕಳ ಊರಿಗೇ ಹೋಗಬೇಕೆಂದು ಮನಸ್ಸಿದ್ದರೆ ಖಂಡಿತ ಹೋಗಿ. ಆದರೆ ಇಲ್ಲಿಯದನ್ನು ಮಾರುವ ಮೊದಲು ಅಲ್ಲಿ ಆರು ತಿಂಗಳು ಬಾಡಿಗೆಗೆ ಇದ್ದು ನೋಡಿ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯಲಿ. ಹಿಡಿಸಿದರೆ ಕೊಳ್ಳಿ. ಹಿಡಿಸದಿದ್ದರೆ ವಾಪಸು ಬರಲು ಮನೆ ಇರುತ್ತದೆ. ಇನ್ನು ಹಿರಿಯರಿಗೆಂದೇ ಕಟ್ಟಿದ ವಸತಿಗಳು ಈಗ ಬೆಂಗಳೂರು, ಮೈಸೂರುಗಳಲ್ಲಿ ಇವೆ. ಅಲ್ಲಿಗೆ ಹೋಗುವವರು ಮೂರು ಪ್ರಶ್ನೆ ಕೇಳಿ. ಇಬ್ಬರಲ್ಲಿ ಒಬ್ಬರು ಹೋದರೆ ಇನ್ನೊಬ್ಬರ ಗತಿ ಏನು? ಹಾಸಿಗೆ ಹಿಡಿದರೆ ಇಟ್ಟುಕೊಳ್ಳುತ್ತೀರಾ? ಬಿಟ್ಟುಹೋದರೆ ಠೇವಣಿಯಲ್ಲಿ ಎಷ್ಟು ವಾಪಸು? ಉತ್ತರ ಬಾಯಲ್ಲಿ ಬೇಡ, ಕರಾರಿನಲ್ಲಿ ಇರಲಿ.

ಯಾವಾಗ, ಎಲ್ಲಿಗೆ ಎಂಬ ಎರಡೂ ಮುಗಿಯಿತು. ಮನೆ ಹೇಗಿರಬೇಕು ಎಂಬುದು ಮೂರನೆಯದು.

ಫ್ಲ್ಯಾಟ್ ನೋಡಲು ಹೋದಾಗ ನಾವೆಲ್ಲ ಮೊದಲು ಹಾಲ್ ನೋಡುತ್ತೇವೆ, ಆಮೇಲೆ ಅಡುಗೆಮನೆ. ನನ್ನ ಮಾತು ಕೇಳಿ, ಮೊದಲು ಬಚ್ಚಲು ನೋಡಿ. ವಯಸ್ಸಾದವರು ಬೀಳುವ ಜಾಗ ಅದು. ನೆಲ ಒದ್ದೆಯಾದಾಗ ಜಾರುತ್ತದೆಯೇ? ಹೊಳೆಯುವ ಟೈಲ್ಸ್ ಇದ್ದರೆ ತೆಗೆಸಿ ಒರಟು ಟೈಲ್ಸ್ ಹಾಕಿಸಿ. ಕಮೋಡಿನ ಪಕ್ಕ ಗೋಡೆಗೆ ಉಕ್ಕಿನ ಹಿಡಿಕೆ ಹಾಕಿಸಿ. ಒಳಗೆ ಕಾಲಿಡುವಲ್ಲಿ ಎತ್ತರದ ಕಟ್ಟೆ ಇದ್ದರೆ ಒಡೆಸಿ. ಬಾಗಿಲು ಹೊರಕ್ಕೆ ತೆರೆಯುವ ಹಾಗಿರಲಿ. ಒಳಗೆ ಬಿದ್ದವರೇ ಬಾಗಿಲಿಗೆ ಅಡ್ಡವಾಗಿ ಬಿದ್ದಿದ್ದರೆ, ಒಳಕ್ಕೆ ತೆರೆಯುವ ಬಾಗಿಲನ್ನು ಯಾರೂ ತೆಗೆಯಲಾರರು. ಬಾಗಿಲಿನ ಅಗಲ ಮೂರು ಅಡಿ ಇದ್ದರೆ ಗಾಲಿ ಕುರ್ಚಿ ಸರಾಗವಾಗಿ ಹೋಗುತ್ತದೆ. ಎರಡೂವರೆ ಅಡಿಯ ಬಾಗಿಲೇ ಹೆಚ್ಚು ಕಡೆ ಇರುವುದು.

ಹಳೆಯ ಬಡಾವಣೆಗಳಲ್ಲಿ ಲಿಫ್ಟ್ ಇಲ್ಲದ ಮೂರು ಮಹಡಿಯ ಕಟ್ಟಡಗಳು ಬೇಕಾದಷ್ಟಿವೆ. ಬೆಲೆ ಕಡಿಮೆ ಅನ್ನುತ್ತಾರೆ. ಮೊಣಕಾಲಿನ ಬೆಲೆಯನ್ನೂ ಅದಕ್ಕೆ ಸೇರಿಸಿ. ಲಿಫ್ಟ್ ಇದ್ದರೆ ಕರೆಂಟು ಹೋದಾಗ ಓಡುತ್ತದೆಯೇ ಕೇಳಿ. ಸ್ಟ್ರೆಚರ್ ಹಿಡಿಸುತ್ತದೆಯೇ ಕೇಳಿ. ಈ ಪ್ರಶ್ನೆ ಕೇಳಿದರೆ ಮಾರುವವರ ಮುಖ ಸಣ್ಣಗಾಗುತ್ತದೆ. ಕೇಳುವುದು ಮಾತ್ರ ಬಿಡಬೇಡಿ.

ಅಳತೆಯ ವಿಷಯದಲ್ಲಿ ಎಚ್ಚರ. ಸಾವಿರದ ಇನ್ನೂರು ಚದರಡಿ ಅನ್ನುತ್ತಾರೆ. ಅದರಲ್ಲಿ ಮೆಟ್ಟಿಲು, ಲಿಫ್ಟ್, ಓಣಿಯ ಪಾಲೂ ಸೇರಿರುತ್ತದೆ. ಬಾಗಿಲು ತೆಗೆದು ಒಳಗೆ ಬಂದರೆ ಕಾಲುಭಾಗ, ಒಮ್ಮೊಮ್ಮೆ ಅದಕ್ಕಿಂತ ಹೆಚ್ಚು ಕಡಿಮೆಯಾಗಿರುತ್ತದೆ. 2016ರ ರೇರಾ ಕಾನೂನಿನ ಪ್ರಕಾರ ಬಿಲ್ಡರ್ ಕಾರ್ಪೆಟ್ ಏರಿಯಾವನ್ನು, ಅಂದರೆ ಗೋಡೆಗಳ ಒಳಗೆ ನಮ್ಮ ಬಳಕೆಗೆ ಸಿಗುವ ನೆಲದ ಅಳತೆಯನ್ನು ಹೇಳಲೇಬೇಕು. ಅದನ್ನೇ ಕೇಳಿ. ತಿಂಗಳ ನಿರ್ವಹಣೆ ಹಣ ಎಷ್ಟು, ನೀರು ನದಿಯದೋ ಬೋರಿನದೋ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತಾರೋ, ಇದನ್ನು ಮಾರುವವರನ್ನು ಕೇಳಬೇಡಿ. ಅಲ್ಲಿ ಆಗಲೇ ಇರುವ ಹೆಂಗಸರೊಬ್ಬರನ್ನು ಕೇಳಿ. ಐದು ನಿಮಿಷದಲ್ಲಿ ಎಲ್ಲ ತಿಳಿಯುತ್ತದೆ.

ಸರಿ, ಹೊತ್ತು ಕೂಡಿಬಂತು, ಬೀದಿ ಸಿಕ್ಕಿತು, ಬಚ್ಚಲೂ ಒಪ್ಪಿತವಾಯಿತು. ಈಗ ಎಲ್ಲಕ್ಕಿಂತ ಕಷ್ಟದ ಭಾಗ. ಸಾಮಾನು.

ಹದಿನೆಂಟು ಚದರದ ಮನೆಯ ಸಾಮಾನನ್ನು ಎಂಟು ಚದರದ ಮನೆಗೆ ತುಂಬಲಾಗದು. ಅರ್ಧಕ್ಕಿಂತ ಹೆಚ್ಚು ಬಿಡಬೇಕು. ಈ ಕೆಲಸಕ್ಕೆ ಒಂದು ವರ್ಷ ಇಟ್ಟುಕೊಳ್ಳಿ. ದಿನಕ್ಕೆ ಒಂದು ಕಪಾಟು, ಒಂದು ಪೆಟ್ಟಿಗೆ. ಕಾಲು ಗಟ್ಟಿ ಇರುವಾಗ ಅಂದೆನಲ್ಲ, ಅದಕ್ಕೆ ಕಾರಣ ಇದೇ. ಈ ಕೆಲಸವನ್ನು ಕುರ್ಚಿಯಲ್ಲಿ ಕುಳಿತು ಮಾಡಿಸಲಾಗದು. ಪ್ರತಿಯೊಂದು ವಸ್ತುವನ್ನೂ ಕೈಯಲ್ಲಿ ಹಿಡಿದು ನೋಡಬೇಕು.

ಪಾತ್ರೆಯಿಂದ ಶುರುಮಾಡುತ್ತೇನೆ. ತಾಮ್ರದ ಹಂಡೆ, ಹಿತ್ತಾಳೆ ಕೊಳಗ, ನೂರು ಜನರಿಗೆ ಹುಳಿ ಕುದಿಸಿದ ಕೊಪ್ಪರಿಗೆ. ಮಾರಲು ಹೋದರೆ ತೂಕದ ಬೆಲೆ. ತಳದಲ್ಲಿ ಅಜ್ಜಿಯ ಹೆಸರು ಕೊರೆದಿದ್ದರೆ ಅದಕ್ಕೆ ಬೆಲೆ ಇಲ್ಲ. ದೊಡ್ಡ ಪಾತ್ರೆಗಳನ್ನು ದಾಸೋಹ ನಡೆಸುವ ಮಠಕ್ಕೋ ಊರ ದೇವಸ್ಥಾನಕ್ಕೋ ಕೊಡಿ. ಅಲ್ಲಿ ಮತ್ತೆ ಒಲೆಯ ಮೇಲೆ ಏರುತ್ತವೆ. ಇನ್ನು ಒರಳು ಕಲ್ಲು. ಅದನ್ನು ಯಾರೂ ಒಯ್ಯುವುದಿಲ್ಲ. ಎತ್ತಲು ನಾಲ್ಕು ಜನ ಬೇಕು. ಮನೆ ಕೊಂಡವರಿಗೇ ಬಿಟ್ಟುಬಿಡಿ. ಬೀಸುವ ಕಲ್ಲು, ಶಾವಿಗೆ ಒತ್ತು, ಹಳೆಯ ಅಳತೆಯ ಸೇರು ಪಾವುಗಳು ಚೆನ್ನಾಗಿದ್ದರೆ ವಸ್ತು ಸಂಗ್ರಹಾಲಯದವರನ್ನು ವಿಚಾರಿಸಿ. ಮೈಸೂರಿನ ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸದಲ್ಲಿ ಜಾನಪದ ವಸ್ತು ಸಂಗ್ರಹಾಲಯ ಇದೆ. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇದೆ. ಮೊದಲು ಫೋನು ಮಾಡಿ. ಬೇಡ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಅವರಿಗೂ ಜಾಗ ಸಾಲದು.

ಪಾತ್ರೆಯ ಮೋಹ ಅಂದ ಕೂಡಲೇ ಎಲ್ಲರೂ ಹೆಂಗಸರನ್ನು ಆಡಿಕೊಳ್ಳುತ್ತಾರೆ. ಗಂಡಸರ ಕಾಗದದ ಕಥೆಯನ್ನು ಯಾರೂ ಹೇಳುವುದಿಲ್ಲ. ನಾನು ಹೇಳುತ್ತೇನೆ. ಇಪ್ಪತ್ತು ವರ್ಷದ ಕರೆಂಟು ಬಿಲ್ಲು. ಅವಧಿ ಮುಗಿದ ಎಲ್.ಐ.ಸಿ. ರಸೀದಿ. ಮಾರಿಹೋದ ಸ್ಕೂಟರಿನ ವಿಮೆ. ಹಾರ್ಲಿಕ್ಸ್ ಬಾಟ್ಲಿಗಳ ತುಂಬ ಮೊಳೆ, ಸ್ಕ್ರೂ, ಯಾವ ಬೀಗದ್ದೋ ತಿಳಿಯದ ಕೀಲಿಕೈ. ಆದರೆ ಕಾಗದವನ್ನು ಕಣ್ಣು ಮುಚ್ಚಿ ಎಸೆಯಬೇಡಿ. ಕ್ರಯಪತ್ರ, ಖಾತೆ, ಕಂದಾಯದ ರಸೀದಿ, ಮಂಜೂರಾದ ನಕ್ಷೆ, ಸಾಲ ತೀರಿದ ಪತ್ರ, ಇಷ್ಟು ಇರಲೇಬೇಕು. ಮನೆಗೆ ಮಹಡಿ ಏರಿಸಿದ, ದೊಡ್ಡದಾಗಿ ರಿಪೇರಿ ಮಾಡಿಸಿದ ಬಿಲ್ಲು ಇದ್ದರೆ ಅದೂ ಇರಲಿ. ತೆರಿಗೆ ಲೆಕ್ಕದಲ್ಲಿ ಬೇಕಾಗುತ್ತದೆ. ಅದನ್ನು ಆಮೇಲೆ ಹೇಳುತ್ತೇನೆ.

ಮೈಸೂರು ಕಡೆಯವರಿಗೆ ಇನ್ನೊಂದು ದೊಡ್ಡ ಪೆಟ್ಟಿಗೆ ಇರುತ್ತದೆ. ದಸರಾ ಗೊಂಬೆ. ಪಟ್ಟದ ಗೊಂಬೆ ಎರಡನ್ನು ಇಟ್ಟುಕೊಳ್ಳಿ. ಮದುವೆಯಲ್ಲಿ ತವರಿನಿಂದ ಬಂದವು ಅವು. ಮಿಕ್ಕವನ್ನು ಒಂದೊಂದಾಗಿ ಹಂಚಬೇಡಿ. ಒಂಬತ್ತು ಮೆಟ್ಟಿಲು ಕಟ್ಟಿ ಕೂರಿಸುವ ಉತ್ಸಾಹ ಇರುವ ಸೊಸೆಯೋ ತಂಗಿಯ ಮಗಳೋ ಇದ್ದರೆ ಪೂರ್ತಿ ಸೆಟ್ಟನ್ನೇ ಕೊಡಿ. ಬಿಡಿ ಗೊಂಬೆ ಷೋಕೇಸಿಗೆ ಹೋಗುತ್ತದೆ. ಸೆಟ್ಟು ಹಬ್ಬಕ್ಕೆ ಹೋಗುತ್ತದೆ.

ದೇವರ ಪಟಗಳು. ನಮ್ಮ ಊರುಗಳ ಅರಳಿಕಟ್ಟೆಗಳನ್ನು ನೋಡಿದ್ದೀರಲ್ಲ. ಮನೆ ಖಾಲಿ ಮಾಡಿದವರು ಹಳೆಯ ಪಟಗಳನ್ನು ಅಲ್ಲಿ ಒರಗಿಸಿ ಹೋಗುತ್ತಾರೆ. ಮಳೆಗೆ ನೆನೆಯುತ್ತವೆ. ಗಾಜು ಒಡೆದು ಆಡುವ ಮಕ್ಕಳ ಕಾಲಿಗೆ ಚುಚ್ಚುತ್ತದೆ. ಇದು ಭಕ್ತಿ ಅಲ್ಲ, ಕೈ ತೊಳೆದುಕೊಳ್ಳುವುದು. ಚೆನ್ನಾಗಿರುವ ಪಟವನ್ನು ಬೇಕೆನ್ನುವವರಿಗೆ ಕೊಡಿ. ಕೆಟ್ಟಿದ್ದರೆ ಗಾಜು, ಕಟ್ಟು ಬೇರೆ ಮಾಡಿ, ಚಿತ್ರವನ್ನು ಮಣ್ಣಿಗೆ ಸೇರಿಸಿ. ಸಾಲಿಗ್ರಾಮ ಇದ್ದು ನಿತ್ಯ ಪೂಜೆ ಆಗುತ್ತಿಲ್ಲವಾದರೆ ಪೂಜೆ ನಡೆಸುವ ನೆಂಟರಿಗೋ ಮಠಕ್ಕೋ ಒಪ್ಪಿಸಿ. ತುಳಸಿಗೆ ಚಿಂತೆ ಇಲ್ಲ. ಕುಂಡದಲ್ಲಿ ಬರುತ್ತದೆ.

ಪುಸ್ತಕದ ವಿಷಯ. ಕಸ್ತೂರಿ, ಸುಧಾ, ಮಯೂರದ ಹಳೆಯ ಸಂಚಿಕೆಗಳನ್ನು ಬೈಂಡ್ ಮಾಡಿಸಿ ಇಟ್ಟವರು ನಮ್ಮಲ್ಲಿ ಬಹಳ. ಗುಜರಿಗೆ ಹಾಕುವ ಮೊದಲು ಹತ್ತಿರದ ಕಾಲೇಜನ್ನು ಕೇಳಿ. ಪಾಂಡವಪುರದ ಹತ್ತಿರ ಹರಳಹಳ್ಳಿಯಲ್ಲಿ ಅಂಕೇಗೌಡರ ಪುಸ್ತಕ ಮನೆ ಇದೆ. ಲಕ್ಷಗಟ್ಟಲೆ ಪುಸ್ತಕಗಳನ್ನು ಒಬ್ಬ ಮನುಷ್ಯ ಕೂಡಿಹಾಕಿದ ಜಾಗ ಅದು. ಅಟ್ಟದಲ್ಲಿ ಓಲೆಗರಿಯ ಕಟ್ಟು ಸಿಕ್ಕರೆ ದಯವಿಟ್ಟು ನದಿಗೆ ಬಿಡಬೇಡಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ತೋರಿಸಿ. ತಂಜಾವೂರು ಕಡೆಯ ಪಂಡಿತರೊಬ್ಬರು ಆ ಸಂಸ್ಥೆಗೆ ಒಪ್ಪಿಸಿದ ಕಟ್ಟಿನಲ್ಲೇ 1905ರಲ್ಲಿ ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಕಂಡದ್ದು. ನಿಮ್ಮ ಅಟ್ಟದಲ್ಲಿ ಇರುವುದು ಪಂಚಾಂಗವೋ ಹಳೆಯ ಲೆಕ್ಕವೋ ಇರಬಹುದು. ಓದಬಲ್ಲವರು ನೋಡಿ ಹೇಳಲಿ.

ಮಕ್ಕಳಿಗೆ ಏನು ಕೊಡುವುದು? ಒಮ್ಮೆ ಕೇಳಿ, ಒಂದು ಗಡುವು ಹೇಳಿ. ನಮ್ಮ ಮಗಳಿಗೆ ಬೀಟೆ ಮರದ ಮಂಚ ಕೊಡಬೇಕೆಂದು ನಾನು ಅಂದುಕೊಂಡಿದ್ದೆ. "ಅಮ್ಮಾ, ಅದು ನಮ್ಮ ಲಿಫ್ಟಿನಲ್ಲೇ ಹಿಡಿಸಲ್ಲ" ಅಂದಳು. ನಿಜ ಹೇಳಿದಳು. "ಒಗ್ಗರಣೆ ಸೌಟು ಕೊಡು, ಅಜ್ಜಿಯದು" ಅಂದಳು. ನಾನು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮಕ್ಕಳು ಬೇಡ ಅಂದರೆ ನಮ್ಮನ್ನು ಬೇಡ ಅಂದ ಹಾಗಲ್ಲ. ಅವರ ಮನೆ ಚಿಕ್ಕದು.

ಫೋಟೋ ಮಾತ್ರ ಎಲ್ಲವನ್ನೂ ಇಟ್ಟುಕೊಳ್ಳಿ. ಜಾಗ ಹೆಚ್ಚು ಬೇಡುವುದಿಲ್ಲ. ಹಿಂದೆ ಪೆನ್ಸಿಲಿನಲ್ಲಿ ಹೆಸರು, ಊರು, ಇಸವಿ ಬರೆಯಿರಿ. ಪೇಟ ಕಟ್ಟಿಕೊಂಡು ನಿಂತವರು ಯಾರೆಂದು ಹೇಳಬಲ್ಲವರು ಈಗ ನೀವೇ ಕೊನೆಯವರು.

ಇಲ್ಲಿಗೆ ಸಾಮಾನು ಹಗುರವಾಯಿತು. ಇನ್ನು ಉಳಿದದ್ದು ದುಡ್ಡಿನ ಮಾತು. ಇದನ್ನು ಚಿಕ್ಕದಾಗಿ ಹೇಳುತ್ತೇನೆ. ಪೂರ್ತಿ ತಿಳಿಯಲು ಲೆಕ್ಕ ಪರಿಶೋಧಕರನ್ನೂ ವಕೀಲರನ್ನೂ ಕಾಣಿ. ಅವರಿಗೆ ಕೊಡುವ ಫೀಸು ದಂಡವಲ್ಲ.

ಮನೆ ಮಾರಿ ಬಂದ ಲಾಭಕ್ಕೆ ತೆರಿಗೆ ಇದೆ. ಮಾರಿದ ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ, ಇಲ್ಲವೇ ಮೂರು ವರ್ಷದೊಳಗೆ ಕಟ್ಟಿಸಿದರೆ, ಅದಕ್ಕೆ ಹಾಕಿದಷ್ಟು ಲಾಭಕ್ಕೆ ವಿನಾಯಿತಿ ಸಿಗುತ್ತದೆ. ಉಳಿದ ಲಾಭದಲ್ಲಿ 50 ಲಕ್ಷದವರೆಗೆ ಆರು ತಿಂಗಳೊಳಗೆ ಸರ್ಕಾರ ಗುರುತಿಸಿದ ಬಾಂಡುಗಳಲ್ಲಿ ಇಡಬಹುದು. ಐದು ವರ್ಷ ಅದನ್ನು ಮುಟ್ಟುವ ಹಾಗಿಲ್ಲ. 2001ರ ಏಪ್ರಿಲ್ 1ಕ್ಕಿಂತ ಮೊದಲು ಕೊಂಡ ಮನೆಯಾದರೆ ಆ ದಿನದ ಬೆಲೆಯನ್ನೇ ಕೊಂಡ ಬೆಲೆ ಎಂದು ಹಿಡಿಯಬಹುದು. ಮನೆ ಹಿಗ್ಗಿಸಿದ ಬಿಲ್ಲುಗಳನ್ನು ಇಟ್ಟುಕೊಳ್ಳಿ ಅಂದದ್ದು ಈ ಲೆಕ್ಕಕ್ಕಾಗಿಯೇ.

"ಅರ್ಧ ಕ್ಯಾಷ್ ತಗೊಳ್ಳಿ ಸಾರ್" ಅನ್ನುವವರು ಬರುತ್ತಾರೆ. ಒಪ್ಪಬೇಡಿ. ಮನೆ ಮಾರಾಟದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವುದು ಕಾನೂನಿಗೆ ವಿರುದ್ಧ. ತೆಗೆದುಕೊಂಡಷ್ಟೇ ದಂಡ ಬೀಳಬಹುದು. ಆ ವಯಸ್ಸಿನಲ್ಲಿ ನೋಟಿನ ಕಟ್ಟು ಕಾಯುತ್ತ ಕೂರುವುದೂ ಕ್ಷೇಮವಲ್ಲ.

ಹೊಸ ಮನೆ ಇಬ್ಬರ ಹೆಸರಿನಲ್ಲೂ ಇರಲಿ. ಹೆಂಗಸರೇ, ಇದನ್ನು ನೀವು ಕೇಳಿ ಪಡೆಯಿರಿ. ಮಿಕ್ಕ ಹಣವನ್ನು ಒಂದೇ ಬ್ಯಾಂಕಿನಲ್ಲಿ ಹಾಕಬೇಡಿ. ಬ್ಯಾಂಕು ಮುಳುಗಿದರೆ ವಿಮೆಯಿಂದ ಸಿಗುವುದು ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ಮಾತ್ರ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು 30 ಲಕ್ಷದವರೆಗೆ ಇಡಬಹುದು. ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ ಬರುತ್ತದೆ. ಕೆಲವರು ಮನೆ ಮಾರಿ, ದೊಡ್ಡ ಮೊತ್ತ ಕೊಟ್ಟು ಭೋಗ್ಯಕ್ಕೆ ಮನೆ ಹಿಡಿಯುತ್ತಾರೆ. ಆ ಮನೆಯ ಮೇಲೆ ಬ್ಯಾಂಕಿನ ಸಾಲ ಇದೆಯೇ ನೋಡದೆ ಹಿಡಿಯಬೇಡಿ. ನನ್ನನ್ನು ಕೇಳಿದರೆ, ಇಳಿವಯಸ್ಸಿನ ದುಡ್ಡನ್ನು ಭೋಗ್ಯಕ್ಕೆ ಹಾಕಲೇಬಾರದು.

ಎಲ್ಲಕ್ಕಿಂತ ಮುಖ್ಯವಾದದ್ದು, ಬಂದ ಹಣವನ್ನೆಲ್ಲ ಪ್ರೀತಿಯ ಭರದಲ್ಲಿ ಮಕ್ಕಳಿಗೆ ಹಂಚಿಬಿಡಬೇಡಿ. ಮನೆಯನ್ನೇ ದಾನಪತ್ರ ಮಾಡಿ ಕೊಡುವುದಾದರೆ, ನಮ್ಮನ್ನು ಕೊನೆಯವರೆಗೆ ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರಲ್ಲಿ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪಾಲನೆಯ ಕಾನೂನು ಬಂದಿದೆ. ಷರತ್ತು ಇದ್ದೂ ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಯವರ ಮುಂದೆ ದೂರು ಕೊಟ್ಟು ದಾನಪತ್ರವನ್ನು ರದ್ದು ಮಾಡಿಸಬಹುದು. ಅದಕ್ಕಿಂತ ವಿಲ್ಲು ಬರೆಯುವುದು ಸುಲಭ. ಎರಡು ಸಾಕ್ಷಿ ಸಾಕು. ನೀವು ಇರುವ ತನಕ ಮನೆ ನಿಮ್ಮದೇ.

ಹೊತ್ತು, ಜಾಗ, ಬಚ್ಚಲು, ಸಾಮಾನು, ದುಡ್ಡು, ಇಷ್ಟೂ ಆಯಿತು. ಹೋದ ಮೇಲೆ ಹೇಗಿರುತ್ತದೆ ಎಂದು ಎರಡು ಮಾತು.

ಮೊದಲ ತಿಂಗಳುಗಳಲ್ಲಿ ಇರುಸುಮುರುಸು ಇರುತ್ತದೆ. ಪಕ್ಕದ ಮನೆಯ ಕುಕ್ಕರ್ ಕೂಗಿದರೆ ನಮ್ಮದೇ ಅನ್ನಿಸುತ್ತದೆ. ಗಂಡ ಹೆಂಡತಿಗೆ ಮುನಿಸಿಕೊಂಡು ಹೋಗಿ ಕೂರಲು ಬೇರೆ ಕೋಣೆ ಇರುವುದಿಲ್ಲ. ಇದು ತಮಾಷೆಯ ಮಾತಲ್ಲ. ನಿವೃತ್ತರಾದ ಇಬ್ಬರು ಎಂಟು ಚದರದಲ್ಲಿ ಇಡೀ ದಿನ ಇರುವುದನ್ನು ಕಲಿಯಬೇಕು. ಒಬ್ಬರು ಬೆಳಗ್ಗೆ ಎರಡು ಗಂಟೆ ಹೊರಗೆ ಹೋಗಿ ಬಂದರೆ ಇಬ್ಬರಿಗೂ ಸುಖ. ಹಬ್ಬಕ್ಕೆ ಮಕ್ಕಳು ಮೊಮ್ಮಕ್ಕಳು ಬಂದರೆ ಹಾಲಿನಲ್ಲಿ ಸಾಲಾಗಿ ಹಾಸಿಗೆ ಹಾಸಿ. ನಾವೂ ಹಾಗೆ ಮಲಗಿಯೇ ಬೆಳೆದವರು. ಮೊಮ್ಮಕ್ಕಳಿಗೆ ಅದೇ ಹೆಚ್ಚು ಇಷ್ಟ.

ಹಳೆಯ ಮನೆಯ ಮುಂದೆ ಹಾದುಹೋಗುವಾಗ ಏನಾಗುತ್ತದೆ ಎಂದು ಕೆಲವರು ನನ್ನನ್ನು ಕೇಳುತ್ತಾರೆ. ಕೊಂಡವರು ಬಣ್ಣ ಬದಲಿಸಿರುತ್ತಾರೆ. ಸಂಪಿಗೆ ಮರ ಕಡಿದು ಕಾರಿಗೆ ಜಾಗ ಮಾಡಿರುತ್ತಾರೆ. ಕೆಲವೊಮ್ಮೆ ಮನೆಯನ್ನೇ ಕೆಡವಿರುತ್ತಾರೆ. ಮೈಸೂರಿನ ಯಾದವಗಿರಿಯಲ್ಲಿ ಕಾದಂಬರಿಕಾರ ಆರ್.ಕೆ. ನಾರಾಯಣ್ ಕಟ್ಟಿಸಿದ ಮನೆ ಇದೆ. ಅವರು ಕೊನೆಗಾಲಕ್ಕೆ ಚೆನ್ನೈ ಸೇರಿದರು. ಅವರು ಹೋದ ಮೇಲೆ ಮನೆ ಕೆಡವಲು ಹೊರಟಾಗ ಊರವರು ತಡೆದರು. 2016ರಲ್ಲಿ ಅದು ವಸ್ತು ಸಂಗ್ರಹಾಲಯವಾಯಿತು. ನಮ್ಮ ನಿಮ್ಮ ಮನೆಗಳಿಗೆ ಆ ಭಾಗ್ಯ ಇಲ್ಲ. ಮಾರಿದ ಮೇಲೆ ಅದು ಅವರ ಮನೆ. ಅವರ ಮಕ್ಕಳು ಅಲ್ಲಿ ಬೆಳೆಯಲಿ.

ಹೊಸ ವಿಳಾಸವನ್ನು ಪಿಂಚಣಿ ಬ್ಯಾಂಕಿಗೆ, ಆಧಾರಿಗೆ, ಗ್ಯಾಸ್ ಏಜೆನ್ಸಿಗೆ ಕೂಡಲೇ ಕೊಡಿ. ಮತದಾರರ ಪಟ್ಟಿಗೆ ನಮೂನೆ 8 ತುಂಬಬೇಕು. ಹಳೆಯ ಎದುರು ಮನೆಯವರ ಹತ್ತಿರ ನಿಮ್ಮ ಫೋನ್ ನಂಬರು ಬರೆದುಕೊಟ್ಟು ಬನ್ನಿ.

ಈಗಿಂದೀಗಲೇ ಮನೆ ಹುಡುಕಲು ಹೊರಡಿ ಎಂದು ನಾನು ಹೇಳುತ್ತಿಲ್ಲ. ಈ ಭಾನುವಾರ ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿ, ಇಬ್ಬರೂ ಕುಳಿತು ಬಿಚ್ಚಿ ನೋಡಿ. ಏಣಿ ಹತ್ತುವುದು ಮಾತ್ರ ನೀವು ಬೇಡ. ಪಕ್ಕದ ಮನೆಯ ಹುಡುಗನನ್ನು ಕರೆಯಿರಿ.